ಅಟ್ಟ ಸೇರಿದ ಗೇರ್ ಸೈಕಲ್: ಗುಜರಿಗೋ, ರಸ್ತೆಗೋ?

ಬೆಂಗಳೂರು: ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಮಹಡಿ ಮೆಟ್ಟಿಲ ಕೆಳಗೋ ಹಿತ್ತಿಲ ಶೆಡ್ಡಿನಲ್ಲೋ ದಪ್ಪ ಟೈರಿನ ಸೈಕಲ್ಲೊಂದು ಧೂಳು ಹಿಡಿದು ನಿಂತಿರುವುದು ಅಪರೂಪವೇನಲ್ಲ. 1990ರ ದಶಕದಲ್ಲಿ ಹೀರೊ ರೇಂಜರ್‌ನಂತಹ ಮಾದರಿಗಳಿಂದ ಮನೆಮಾತಾದ, 2005ರಲ್ಲಿ ಫೈರ್‌ಫಾಕ್ಸ್ ಕಂಪನಿ ಆರಂಭವಾದ ಬಳಿಕ ಗೇರುಗಳ ಸಮೇತ ಹೆಚ್ಚು ಕಾಣಿಸಿಕೊಂಡ ಮೌಂಟನ್ ಬೈಕ್ ಅದು. ತುಳಿಯುತ್ತಿದ್ದ ಮಕ್ಕಳು ಬೆಳೆದು ಓದಿಗೋ ಉದ್ಯೋಗಕ್ಕೋ ಹೊರದೇಶ ಸೇರಿದ್ದಾರೆ. ಸೈಕಲ್ಲು ಗುಜರಿಯವನ ದಾರಿ ಕಾಯುತ್ತಿದೆ. ವಿಚಿತ್ರವೆಂದರೆ, ಅದೇ ಮಕ್ಕಳು ಜರ್ಮನಿಯ ಅಥವಾ ಅಮೆರಿಕದ ವಿಶ್ವವಿದ್ಯಾಲಯದ ಊರಿನಲ್ಲಿ ಇಂತಹುದೇ ಒಂದು ಹಳೆಯ ಸೈಕಲ್ಲನ್ನು ಕಡಿಮೆ ಬೆಲೆಗೆ ಕೊಂಡು ಓಡುವಂತೆ ಮಾಡಲು ಹೆಣಗುತ್ತಿರುತ್ತಾರೆ.

ಎರಡೂ ಕಡೆ ಪ್ರಶ್ನೆ ಒಂದೇ: ಹಳೆಯದನ್ನು ಸಜ್ಜುಗೊಳಿಸುವುದು ಲಾಭವೋ, ಹೊಸದನ್ನು ಕೊಳ್ಳುವುದು ಲೇಸೋ? ಉತ್ತರವನ್ನು ನಿರ್ಧರಿಸುವುದು ಸೈಕಲ್ಲಿನ ವಯಸ್ಸಲ್ಲ, ಅದರ ಅಳತೆಗಳು. ಜೊತೆಗೆ, ಯಾವ ಭಾಗಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬ ವಿವೇಕ.

ಹುಟ್ಟಿದ್ದೇ ಗುಜರಿಯಿಂದ

ಮೌಂಟನ್ ಬೈಕ್ ಹುಟ್ಟಿದ್ದೇ ಹಳೆಯ ಸೈಕಲ್ಲುಗಳ ದುರಸ್ತಿಯಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು 1930-40ರ ದಶಕದ ಶ್ವಿನ್ ಮುಂತಾದ ಭಾರದ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ಬಿಚ್ಚಿ, ಬಲಪಡಿಸಿ, ಗುಡ್ಡದ ಮಣ್ಣುಹಾದಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಆರಂಭವಾದ ಅವರ ಪ್ರಸಿದ್ಧ ಸ್ಪರ್ಧೆಗೆ ‘ರೀಪ್ಯಾಕ್’ ಎಂದು ಹೆಸರು. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದು ಹಿಂದಿನ ಹಬ್‌ನ ಗ್ರೀಸ್ ಸುಟ್ಟುಹೋಗುತ್ತಿದ್ದುದರಿಂದ ಮತ್ತೆ ಗ್ರೀಸ್ ತುಂಬಲೇಬೇಕಾಗುತ್ತಿತ್ತು. ಹೆಸರು ಬಂದದ್ದು ಹಾಗೆ.

ಜೋ ಬ್ರೀಜ್ 1977ರಲ್ಲಿ ಇದಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ವ್ಯಾಪಾರ ಆರಂಭಿಸಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ‘ಸ್ಟಂಪ್‌ಜಂಪರ್’ ಮಾರುಕಟ್ಟೆಗೆ ಬಂತು. ಹಳೆಯ ಶ್ವಿನ್ ಸೈಕಲ್ಲುಗಳ ರಿಮ್ಮಿನ ಅಳತೆಯೇ ಮುಂದೆ ಮೌಂಟನ್ ಬೈಕುಗಳಿಗೆ ಜಗತ್ತಿನಾದ್ಯಂತ ಪ್ರಮಾಣವಾಗಿ ನಿಂತಿತು. ಇಂದು ಬಸವನಗುಡಿಯ ಹಳೆಯ ಸೈಕಲ್ಲಿಗೂ ಮ್ಯೂನಿಕ್‌ನ ಹಳೆಯ ಸೈಕಲ್ಲಿಗೂ ಒಂದೇ ಟೈರು ಹೊಂದುವುದು ಇದೇ ಕಾರಣಕ್ಕೆ.

ಮೊದಲು ಫ್ರೇಮ್, ಆಮೇಲೆ ಪರ್ಸು

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಫ್ರೇಮನ್ನು ಪರೀಕ್ಷಿಸಬೇಕು. ಹ್ಯಾಂಡಲ್ ಕೂರುವ ಕೊಳವೆಯ ಹಿಂಭಾಗದಲ್ಲಿ, ಕೆಳಗಿನ ಕೊಳವೆಯ ಅಡಿಯಲ್ಲಿ ಬಣ್ಣ ಸೀಳಿದ್ದರೆ ಅಥವಾ ಸುಕ್ಕು ಕಂಡರೆ ಸೈಕಲ್ಲು ಎಲ್ಲೋ ಬಲವಾಗಿ ಗುದ್ದಿದೆ ಎಂದರ್ಥ. ಫ್ರೇಮ್ ನೇರವಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಚಕ್ರ ಕೂರುವ ಒಂದು ಕಡೆಯಿಂದ ದಾರ ಕಟ್ಟಿ, ಮುಂದಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಕಡೆಗೆ ಎಳೆದು ಬಿಗಿಯಬೇಕು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕಿರುವ ಅಂತರ ಸಮನಾಗಿದ್ದರೆ ಫ್ರೇಮ್ ನೆಟ್ಟಗಿದೆ.

ಉಕ್ಕಿನ ಫ್ರೇಮಿನ ಸಣ್ಣ ಬಿರುಕಿಗೆ ನುರಿತವರು ಬೆಸುಗೆ ಹಾಕಬಲ್ಲರು. ಅಲ್ಯುಮಿನಿಯಂ ಫ್ರೇಮಿಗೆ ಈ ಮಾತು ಸಲ್ಲದು. ಬೆಸುಗೆಯ ಶಾಖಕ್ಕೆ ಆ ಜಾಗದ ಬಲ ಕುಗ್ಗುವುದರಿಂದ, ಬಿರುಕು ಬಿಟ್ಟ ಅಲ್ಯುಮಿನಿಯಂ ಫ್ರೇಮನ್ನು ಗುಜರಿಗೆ ಕಳುಹಿಸುವುದೇ ಕ್ಷೇಮ. ಸೀಟಿನ ಕಂಬ ಕದಲದೆ ಹಿಡಿದುಕೊಂಡಿದ್ದರೆ ಅದನ್ನು ಬಿಡಿಸುವ ಶ್ರಮ ಉಳಿದೆಲ್ಲ ಕೆಲಸವನ್ನೂ ಮೀರಬಹುದು. ಕೊಳ್ಳುವ ಮುನ್ನವೇ ಅದನ್ನು ಅಲುಗಿಸಿ ನೋಡುವುದು ಒಳಿತು.

26 ಎಂದರೆ ಒಂದೇ 26 ಅಲ್ಲ

ಹಣ ಹೆಚ್ಚು ಪೋಲಾಗುವುದು ಟೈರಿನ ಅಳತೆಯಲ್ಲಿ. ಮೌಂಟನ್ ಬೈಕಿನ 26 ಇಂಚಿನ ಟೈರು (26×1.95, 26×2.1 ಇತ್ಯಾದಿ) ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರ್. ಅದೇ 26 ಇಂಚು ಎಂದು ಕರೆಸಿಕೊಳ್ಳುವ 26×1 3/8 ಟೈರಿಗೆ ಬೇಕಾದುದು 590 ಮಿಲಿಮೀಟರ್. ಹಾಲಿನವರು, ಪೇಪರಿನವರು ಬಳಸುತ್ತ ಬಂದ ದೊಡ್ಡ ಸೈಕಲ್ಲಿನ 28×1 1/2 ಟೈರಿನದು 635. ಇವು ಒಂದಕ್ಕೊಂದು ಹೊಂದುವುದಿಲ್ಲ. ಅಂಗಡಿಯಲ್ಲಿ ‘26ರ ಟೈರು’ ಎಂದು ಕೇಳುವ ಬದಲು, ಹಳೆಯ ಟೈರಿನ ಮಗ್ಗುಲಲ್ಲಿ ಅಚ್ಚಾದ ಸಂಖ್ಯೆಯನ್ನು ಬರೆದುಕೊಂಡು ಹೋಗುವುದು ಜಾಣತನ.

ಅಳತೆ ಪ್ರಮಾಣಬದ್ಧವಾಗಿದ್ದರೆ ತಯಾರಿಸಿದ ಕಂಪನಿ ಇಲ್ಲದಿದ್ದರೂ ಚಿಂತೆಯಿಲ್ಲ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಉತ್ಪಾದನೆ ನಿಲ್ಲಿಸಿತು. ಆದರೆ ಅಟ್ಲಾಸ್ ಸೈಕಲ್ಲಿನ ಚೈನು, ಗುಂಡು, ಟ್ಯೂಬುಗಳಿಗೆ ಬೇರೆ ಕಂಪನಿಗಳವು ಹೊಂದುತ್ತವೆ.

ಎಲ್ಲಿ ಉಳಿತಾಯ?

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಬೇರಿಂಗ್‌ಗಳದು. ಸಾಮಾನ್ಯವಾಗಿ ಮುಂದಿನ ಹಬ್‌ನಲ್ಲಿ ಪ್ರತಿ ಬದಿಗೆ 3/16 ಇಂಚಿನ 10 ಗುಂಡುಗಳೂ, ಹಿಂದಿನ ಹಬ್‌ನಲ್ಲಿ 1/4 ಇಂಚಿನ 9 ಗುಂಡುಗಳೂ ಇರುತ್ತವೆ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುಂಡು ಬದಲಿಸಿ, ಹೊಸ ಗ್ರೀಸ್ ತುಂಬಿದರೆ ವರ್ಷಗಟ್ಟಲೆ ನಿಂತ ಚಕ್ರವೂ ಸಲೀಸಾಗಿ ತಿರುಗುತ್ತದೆ.

ಚೈನನ್ನು ಅಳೆಯಲು ಸಾಧಾರಣ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಎಣಿಸಿ 24ನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಇದು 1/16 ಇಂಚು ಹೆಚ್ಚಿದ್ದರೆ ಚೈನು ಬದಲಿಸಬೇಕು. 1/8 ಇಂಚು ಹೆಚ್ಚಿದ್ದರೆ ಹಿಂದಿನ ಫ್ರೀವೀಲ್‌ನ ಹಲ್ಲುಗಳೂ ಸವೆದಿರುತ್ತವೆ. ಹೊಸ ಚೈನು ಹಳೆಯ ಹಲ್ಲಿನ ಮೇಲೆ ಜಾರುತ್ತದೆ. ಸಕಾಲದಲ್ಲಿ ಅಳೆದವರಿಗೆ ಒಂದು ಖರ್ಚು, ಮರೆತವರಿಗೆ ಎರಡು.

ಗೇರಿನ ವ್ಯವಸ್ಥೆ ಪೂರ್ಣ ಕೆಟ್ಟಿದ್ದರೆ ಮೂರು ಚಕ್ರಗಳ ಮುಂಭಾಗವನ್ನು ಒಂದಕ್ಕೆ ಇಳಿಸಿ, ಹಿಂದಿನ ಗೇರುಗಳನ್ನಷ್ಟೇ ಉಳಿಸಿಕೊಳ್ಳಬಹುದು. ಒಂದು ಶಿಫ್ಟರ್, ಒಂದು ಕೇಬಲ್, ಒಂದು ಡಿರೇಲರ್ ಖರ್ಚು ಉಳಿಯುತ್ತದೆ. ಮುಂದೆ 36, ಹಿಂದೆ 18 ಹಲ್ಲಿದ್ದರೆ ಪೆಡಲ್ಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 4 ಮೀಟರ್ ಸಾಗುತ್ತದೆ. ಸಮತಟ್ಟು ರಸ್ತೆಗೆ ಇದು ಹಿತ. ಬುಲ್ ಟೆಂಪಲ್ ರಸ್ತೆಯ ಏರಿಗೆ ಹಿಂದಿನ ದೊಡ್ಡ ಚಕ್ರ ನೆರವಾಗುತ್ತದೆ. ಬಣ್ಣ, ಸ್ಟಿಕರ್, ಹೊಳೆಯುವ ಹ್ಯಾಂಡಲ್‌ಗಳಿಗೆ ಹಣ ಹಾಕುವ ಅಗತ್ಯವಿಲ್ಲ. ನೋಡಲು ಹಳತಾದ ಸೈಕಲ್ಲಿನ ಮೇಲೆ ಕಳ್ಳರ ಕಣ್ಣೂ ಕಡಿಮೆ.

ಬ್ರೇಕಿನಲ್ಲಿ ಚೌಕಾಸಿ ಬೇಡ

ಉಳಿತಾಯಕ್ಕೆ ಎಡೆಯೇ ಇಲ್ಲದ ಭಾಗ ಬ್ರೇಕು. ರಬ್ಬರ್, ಒಳತಂತಿ, ಹೊರಕವಚಗಳನ್ನು ಹಳೆಯವು ನೋಡಲು ಚೆನ್ನಾಗಿದ್ದರೂ ಬದಲಿಸಬೇಕು. ಕ್ರೋಮ್ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ಒದ್ದೆಯಾದರೆ ಬ್ರೇಕು ಹಿಡಿಯುವುದು ತೀರ ನಿಧಾನ. ಅಲ್ಯುಮಿನಿಯಂ ರಿಮ್ಮು ಎಷ್ಟೋ ಮೇಲು. ಬೆಂಗಳೂರಿನ ಸಂಜೆ ಮಳೆಯಲ್ಲಿ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ.

1996ರ ಸುಮಾರಿಗೆ ಬಂದ ‘ವಿ-ಬ್ರೇಕ್’ಗೆ ಅದಕ್ಕೂ ಹಿಂದಿನ ಕ್ಯಾಂಟಿಲಿವರ್ ಬ್ರೇಕಿಗಿಂತ ಹೆಚ್ಚು ತಂತಿ ಎಳೆಯುವ ಲಿವರ್ ಬೇಕು. ಹಳೆಯ ಲಿವರ್ ಉಳಿಸಿಕೊಂಡು ಹೊಸ ವಿ-ಬ್ರೇಕ್ ಹಾಕಿದರೆ ಲಿವರ್ ಹ್ಯಾಂಡಲ್ಲಿಗೆ ತಾಗಿದರೂ ರಬ್ಬರು ರಿಮ್ಮನ್ನು ಪೂರ್ತಿ ಹಿಡಿಯದೇ ಇರಬಹುದು. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಇಲ್ಲಿ ಒಂದು ಲೆಕ್ಕ, ಅಲ್ಲಿ ಇನ್ನೊಂದು

ಹಳೆಯ ಬಡಾವಣೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ಬಹುತೇಕ ಮರೆಯಾಗಿವೆ. ಆದರೂ ಚಕ್ರದ ಬೆಂಡ್ ತೆಗೆಯುವ, ಕಡ್ಡಿ ಕಟ್ಟುವ ಕೈಗಳು ಇನ್ನೂ ಇವೆ. ಅವರ ಕೂಲಿ ಸಾಮಾನ್ಯವಾಗಿ ಬಿಡಿಭಾಗದ ಬೆಲೆಗಿಂತ ಕಡಿಮೆ. ಹಾಗಾಗಿ ಬೆಂಗಳೂರಿನಲ್ಲಿ ಒಳ್ಳೆಯ ಬಿಡಿಭಾಗ ಕೊಂಡು, ಕೆಲಸವನ್ನು ನುರಿತವರಿಗೆ ಒಪ್ಪಿಸುವುದು ಮಿತವ್ಯಯ. ಚಾಮರಾಜಪೇಟೆಗೆ ಸಮೀಪದ ಎಸ್.ಜೆ.ಪಿ. ರಸ್ತೆಯಲ್ಲಿ ನಟ್ಟು, ಬೋಲ್ಟು, ಪಾನಾಗಳಿಗೆ ಕೊರತೆಯಿಲ್ಲ. ಸೈಕಲ್ ಹಾಗೂ ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5ಕ್ಕೆ ಇಳಿದಿದೆ. ಆದರೆ ಇದೇ ಕಾರಣಕ್ಕೆ ಹೊಸ ಸೈಕಲ್ಲಿನ ತೆರಿಗೆಯೂ ಇಳಿದಿದೆ. ದುರಸ್ತಿಯ ಒಟ್ಟು ಅಂದಾಜು ಅದೇ ದರ್ಜೆಯ ಹೊಸ ಸೈಕಲ್ಲಿನ ಅರ್ಧ ಬೆಲೆಯನ್ನು ದಾಟಿದರೆ ಮರುಯೋಚನೆ ಮಾಡುವುದು ಸೂಕ್ತ.

ಯುರೋಪು, ಅಮೆರಿಕಗಳಲ್ಲಿ ಲೆಕ್ಕ ತಿರುವುಮುರುವು. ಹೊಸ ಮೌಂಟನ್ ಬೈಕುಗಳು 27.5 ಮತ್ತು 29 ಇಂಚಿಗೆ ಹೊರಳಿದ ಮೇಲೆ 26 ಇಂಚಿನ ಹಳೆಯವು ಅಲ್ಲಿ ಅಗ್ಗಕ್ಕೆ ಸಿಗುತ್ತವೆ. ದುಬಾರಿಯಾದುದು ಮೆಕ್ಯಾನಿಕ್‌ನ ಸಮಯ; ಕೆಲವೇ ಗಂಟೆಗಳ ಕೂಲಿ ಹಳೆಯ ಸೈಕಲ್ಲಿನ ಬೆಲೆಯನ್ನೇ ಮೀರಬಹುದು. ಆದ್ದರಿಂದ ವಿದ್ಯಾರ್ಥಿಗಳು ಸ್ವತಃ ಪಾನಾ ಹಿಡಿಯಲೇಬೇಕು. ಜರ್ಮನಿಯ ಅನೇಕ ನಗರಗಳಲ್ಲಿ ಉಪಕರಣ ಒದಗಿಸಿ, ಸ್ವಂತ ಕೈಯಿಂದ ದುರಸ್ತಿ ಮಾಡಿಕೊಳ್ಳಲು ನೆರವಾಗುವ ಕಾರ್ಯಾಗಾರಗಳಿವೆ. ಲಾಸ್ ಏಂಜಲೀಸ್‌ನ ‘ಬೈಸಿಕಲ್ ಕಿಚನ್’ ಇದೇ ಬಗೆಯ ಸಂಸ್ಥೆ.

ಸ್ವತಃ ಮಾಡುವವರು ಎರಡು ಸಂಗತಿ ನೆನಪಿಡಬೇಕು. ಎಡ ಪೆಡಲ್ಲಿನ ತಿರುಪು ವಿರುದ್ಧ ದಿಕ್ಕಿನದು. ಕಡ್ಡಿಗಳನ್ನು ಬಿಚ್ಚುವ ಮೊದಲೇ ಫ್ರೀವೀಲ್ ತೆಗೆಯಬೇಕು. ಕಡ್ಡಿ ಬಿಚ್ಚಿದ ಮೇಲೆ ಅದನ್ನು ತಿರುಗಿಸಲು ಹಿಡಿತವೇ ಇರುವುದಿಲ್ಲ. ಊರಿನಿಂದ ಪಾನಾ ಒಯ್ಯುವವರು ಅದನ್ನು ಚೆಕ್-ಇನ್ ಚೀಲದಲ್ಲಿಡಬೇಕು. ಪಂಚರ್ ಹಾಕುವ ಸೊಲ್ಯೂಷನ್ ಬೇಗ ಉರಿಯುವ ವಸ್ತುವಾದ್ದರಿಂದ ಅದನ್ನು ಒಯ್ಯಬಾರದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಭಾರತದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಬ್ರೇಕಿನದು. ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ಸಾಮಾನ್ಯವಾಗಿ ಎಡಗೈಯದು. ಇಲ್ಲಿಯ ಅಭ್ಯಾಸದಂತೆ ಹಿಂದಿನ ಬ್ರೇಕೆಂದು ಎಡಗೈ ಲಿವರನ್ನು ಬಲವಾಗಿ ಹಿಡಿದರೆ ಮುಂದಿನ ಚಕ್ರ ಥಟ್ಟನೆ ನಿಂತು, ಸವಾರ ಹ್ಯಾಂಡಲ್ಲಿನ ಮೇಲಿಂದ ಎಗರಿ ಬೀಳುವ ಅಪಾಯವಿದೆ. ಎರಡು ಕೇಬಲ್ಲುಗಳನ್ನು ಅದಲುಬದಲು ಮಾಡಿಕೊಳ್ಳಲು ಹಿಡಿಯುವುದು ಅಲ್ಪ ಸಮಯ. ಹೊರದೇಶದಲ್ಲಿ ಹಳೆಯ ಸೈಕಲ್ಲು ಕೊಂಡವರು ರಸ್ತೆಗಿಳಿಯುವ ಮುನ್ನ ಮಾಡಬೇಕಾದ ಮೊದಲ ಕೆಲಸ ಇದು. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಾಕಿಸುವುದು ಎರಡನೆಯದು. ಗೇರು, ಬಣ್ಣಗಳ ಸರದಿ ಆಮೇಲೆ ಬಂದರೂ ನಡೆಯುತ್ತದೆ.