ನಿಯಮದ ಅಕ್ಷರ, ನಿಯಮದ ಆಶಯ

‘ಗುರುಗಳೆ, ನಿಯಮವನ್ನು ಮುರಿಯದೆ ನುಸುಳುವುದು ಮೋಸವೆ?’ ಎಂದು ಜಯನಗರದ ಮನೆಯೊಂದರ ಯುವಕರು ನಮ್ಮನ್ನು ಕೇಳಿದರು. ಮಾತು ಫಾರ್ಮುಲಾ ಒನ್ ಕಾರುಪಂದ್ಯದ್ದು. ಬೆಂಗಳೂರಿನ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡವೂ ಕಣದಲ್ಲಿದ್ದ 2009ರ ಪ್ರಸಂಗವೇ ಇದಕ್ಕೆ ಉತ್ತರವಾದೀತು.

ಕಾರಿನ ಅಡಿಯಲ್ಲಿ ವೇಗವಾಗಿ ಹರಿಯುವ ಗಾಳಿಯು ಅದನ್ನು ನೆಲದತ್ತ ಸೆಳೆಯುತ್ತದೆ. ಆ ಗಾಳಿಯನ್ನು ಹಿಂಬದಿಯಲ್ಲಿ ಹೊರಬಿಡುವ ಭಾಗವೇ ಡಿಫ್ಯೂಸರ್. ಕಾರುಗಳು ಒಂದನ್ನೊಂದು ಹಿಂದಿಕ್ಕಲು ಅನುಕೂಲವಾಗಲೆಂದು ಆ ವರ್ಷ ಈ ಸೆಳೆತವನ್ನು ತಗ್ಗಿಸುವ ನಿಯಮ ಬಂದಿತು. ಬ್ರಾನ್, ಟೊಯೊಟಾ, ವಿಲಿಯಮ್ಸ್ ತಂಡಗಳು ನಿಯಮದ ಮಾತಿನಲ್ಲಿಯೇ ನುಸುಳುದಾರಿ ಕಂಡು, ಡಿಫ್ಯೂಸರಿಗೆ ಎರಡನೆಯ ಅಂತಸ್ತನ್ನು ಕಟ್ಟಿದವು.

ಫೆರಾರಿ, ರೆನೋ ಮೊದಲಾದ ತಂಡಗಳು ಪ್ರತಿಭಟಿಸಿದವು. ನಿಯಮವನ್ನು ಬಿಗಿಗೊಳಿಸೋಣವೆಂದು ಹಿಂದಿನ ವರ್ಷವೇ ಸೂಚಿಸಿದ್ದೆ, ಇತರರು ಒಪ್ಪಲಿಲ್ಲ ಎಂದು ರಾಸ್ ಬ್ರಾನ್ ಹೇಳಿದರು. ಏಪ್ರಿಲ್ 15ರಂದು ಮೇಲ್ಮನವಿ ನ್ಯಾಯಾಲಯವು ಆಕ್ಷೇಪವನ್ನು ತಳ್ಳಿಹಾಕಿತು. ಆಶಯಭಂಗವೆಂದು ದೂರಿದವರೂ ಬಳಿಕ ಅದೇ ಭಾಗವನ್ನು ತಮ್ಮ ಕಾರುಗಳಿಗೆ ಜೋಡಿಸಿದರು! ವರ್ಷದ ಎರಡೂ ಪ್ರಶಸ್ತಿಗಳು ಬ್ರಾನ್ ತಂಡದ ಪಾಲಾದವು. 2011ರಿಂದ ಆ ದಾರಿಯನ್ನು ಮುಚ್ಚಲಾಯಿತು.

ನುಸುಳಿದವನನ್ನು ಮೋಸಗಾರನೆನ್ನಲು ನ್ಯಾಯಾಲಯವೇ ಒಪ್ಪಲಿಲ್ಲ. ಆದರೆ ಆಶಯವನ್ನು ಕಾಯಬೇಕಾದವರು ಅದನ್ನು ನೆನೆದದ್ದು ಸೋತ ಮೇಲೆ. ಮನೆಯ ಕಟ್ಟುಪಾಡಾಗಲಿ, ಸಂಘದ ನಿಬಂಧನೆಯಾಗಲಿ, ನಷ್ಟ ನಮ್ಮದಾಗುವ ಮುನ್ನವೇ ಅದರ ಆಶಯವನ್ನು ನೆನೆಯುವುದು ಲೇಸು.