ಅಲೆಯ ಮುನ್ಸೂಚನೆಯಲ್ಲಿ ಕಾಣದ ಹವಳದ ನೆಲ

ಸ್ವೆಲ್ 2 ಮೀಟರ್, ಅವಧಿ 16 ಸೆಕೆಂಡ್, ದಿಕ್ಕು ದಕ್ಷಿಣ. ಗಾಳಿ ಪಶ್ಚಿಮದಿಂದ, ಹಗುರ. ಮಾಲ್ಡೀವ್ಸ್‌ನ ತುಲುಸ್ಧೂ ದ್ವೀಪದಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇಂಥ ಮುನ್ಸೂಚನೆ ಬಂದ ದಿನ ಸರ್ಫರ್‌ಗಳು ಬೆಳಕು ಹರಿಯುವ ಮೊದಲೇ ಬೋರ್ಡಿಗೆ ಮೇಣ ಹಚ್ಚಿ ಸಿದ್ಧರಾಗಿರುತ್ತಾರೆ. ನೀರು ಏನು ಮಾಡಲಿದೆ ಎಂಬುದನ್ನು ಈ ನಾಲ್ಕು ಮಾಹಿತಿಗಳು ಬಹುಮಟ್ಟಿಗೆ ಸರಿಯಾಗಿಯೇ ತಿಳಿಸುತ್ತವೆ. ನೀರಿನ ಕೆಳಗಿನ ಹವಳದ ನೆಲದ ಸ್ಥಿತಿ ಮಾತ್ರ ಅದರಲ್ಲಿ ಇರುವುದಿಲ್ಲ. ಆ ನೆಲ ಸಾಯುತ್ತಿದೆ, ಸವೆಯುತ್ತಿದೆ. ಮುಂದಿನ ವರ್ಷಗಳ ಅಪಾಯ ಬರುವುದು ಅಲ್ಲಿಂದ: ಮೊದಲು ಅಲೆಯ ಮೇಲಿರುವವರಿಗೆ, ಆಮೇಲೆ ಅಲೆಯ ಹಿಂದೆ ಮನೆ ಕಟ್ಟಿಕೊಂಡವರಿಗೆ.

ತುಲುಸ್ಧೂ ಇರುವುದು ಉತ್ತರ ಮಾಲೆ ಹವಳದ್ವೀಪಸಮೂಹದ ಪೂರ್ವ ಅಂಚಿನಲ್ಲಿ, ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 950 ಕಿ.ಮೀ. ದೂರದಲ್ಲಿ. ಇಲ್ಲಿಯ ಹೆಸರಾಂತ ಅಲೆಗೆ ‘ಕೋಕ್ಸ್’ ಎಂದು ಹೆಸರು. ದ್ವೀಪದ ಕೋಕಾಕೋಲಾ ಕಾರ್ಖಾನೆಯಿಂದ ಬಂದದ್ದು. ಎದುರಿನ ಕಾಲುವೆಯಾಚೆ ಎಡಕ್ಕೆ ಸುರುಳಿಯಾಗುವ ‘ಚಿಕನ್ಸ್’ ಇದೆ. ಕೋಕ್ಸ್ ಬಲಕ್ಕೆ ಒಡೆಯುತ್ತದೆ. ದೊಡ್ಡ ಸ್ವೆಲ್ ಬಂದಾಗ ಮನುಷ್ಯ ನಿಂತು ಹೋಗುವಷ್ಟು ಕೊಳವೆ ಬಿಡಿಸಿಕೊಳ್ಳುತ್ತದೆ. ಕೆಳಗೆ ಮರಳಿಲ್ಲ, ತೆಳುವಾದ ನೀರಿನಡಿ ಹವಳವಿದೆ. ನುರಿತವರಷ್ಟೇ ಇಳಿಯಬೇಕಾದ ಜಾಗ ಇದು. 2024ರ ಆಗಸ್ಟ್‌ನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಈ ದ್ವೀಪದಲ್ಲೇ. ಭಾರತದ ತಂಡವೂ ಅಲ್ಲಿತ್ತು. ಮೂಲ್ಕಿ, ಸಸಿಹಿತ್ಲುಗಳ ಮರಳ ತೀರದಲ್ಲಿ ಬೋರ್ಡ್ ಹಿಡಿಯಲು ಕಲಿತ ನಮ್ಮ ಕರಾವಳಿಯ ಹುಡುಗ ಹುಡುಗಿಯರಿಗೂ ಮಾಲ್ಡೀವ್ಸ್ ಈಗ ಕೈಗೆಟುಕದ ಕನಸೇನಲ್ಲ.

ಈ ಅಲೆ ಹುಟ್ಟುವುದು ಮಾಲ್ಡೀವ್ಸ್‌ನಲ್ಲಲ್ಲ. ದಕ್ಷಿಣ ಅಕ್ಷಾಂಶ 40ರಿಂದ 60 ಡಿಗ್ರಿಯ ನಡುವೆ, ಆಫ್ರಿಕಾಕ್ಕೂ ಆಸ್ಟ್ರೇಲಿಯಾಕ್ಕೂ ಮಧ್ಯೆ, ತಡೆಯುವ ನೆಲವೇ ಇಲ್ಲದ ಕಡಲಿನಲ್ಲಿ ಬಿರುಗಾಳಿಗಳು ದಿನಗಟ್ಟಲೆ ಒಂದೇ ದಿಕ್ಕಿಗೆ ಬೀಸುತ್ತವೆ. ಅಲ್ಲಿ ಎದ್ದ ಅಲೆಗಳು ಗಾಳಿಯನ್ನು ಹಿಂದೆ ಬಿಟ್ಟು ಉತ್ತರಕ್ಕೆ ಹೊರಡುತ್ತವೆ. ಹಾಗೆ ದೂರದಿಂದ ಬರುವ, ಸಾಲು ಕಟ್ಟಿದ ಅಲೆಗಳನ್ನೇ ಸ್ವೆಲ್ ಎನ್ನುವುದು. ಒಂದು ಅಲೆಯ ತುದಿ ದಾಟಿ ಮುಂದಿನ ಅಲೆಯ ತುದಿ ಬರುವವರೆಗಿನ ಕಾಲವೇ ಅವಧಿ. 16 ಸೆಕೆಂಡ್ ಅವಧಿಯ ಅಲೆಗಳ ಗುಂಪು ಆಳ ಕಡಲಲ್ಲಿ ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಸಾಗುತ್ತದೆ. 5500 ಕಿ.ಮೀ. ದಾರಿಗೆ ಐದು ದಿನ. ಅಲ್ಲಿ ಬಿರುಗಾಳಿ ಎದ್ದದ್ದು ಉಪಗ್ರಹಕ್ಕೆ ಕಂಡರೆ ಇಲ್ಲಿ ಅಲೆ ಯಾವ ದಿನ ಮುಟ್ಟುತ್ತದೆ ಎಂದು ಲೆಕ್ಕ ಹಾಕಬಹುದು. ಅಷ್ಟು ಮೊದಲೇ ತಿಳಿಯುವ ಅಪಾಯವನ್ನು ಎದುರಿಸಲು ತಯಾರಾಗದೆ ಉಳಿಯುವುದಕ್ಕೆ ನೆಪವೇ ಇಲ್ಲ.

ಸಾಮಾನ್ಯ ಜನ ನೋಡುವುದು ಎತ್ತರವನ್ನು. ನಿಜವಾಗಿ ನೋಡಬೇಕಾದದ್ದು ಅವಧಿಯನ್ನು. ಎತ್ತರ ಎರಡೇ ಮೀಟರ್ ಇದ್ದರೂ ಅವಧಿ 8 ಸೆಕೆಂಡ್‌ನಿಂದ 16ಕ್ಕೆ ಏರಿದರೆ ಅಲೆ ಹೊತ್ತು ತರುವ ಶಕ್ತಿ ಎರಡು ಪಟ್ಟಾಗುತ್ತದೆ. ಅಲೆಯ ಉದ್ದ 100 ಮೀಟರ್‌ನಿಂದ 400 ಮೀಟರ್‌ಗೆ ಹಿಗ್ಗುತ್ತದೆ. ಅಷ್ಟು ಉದ್ದದ ಅಲೆ 200 ಮೀಟರ್ ಆಳದಲ್ಲೇ ತಳವನ್ನು ಮುಟ್ಟಲು ತೊಡಗುತ್ತದೆ. ನಮ್ಮ ಕರಾವಳಿಯಲ್ಲಿ ಕಡಲ ತಳ ಹತ್ತಾರು ಕಿ.ಮೀ. ಉದ್ದಕ್ಕೆ ನಿಧಾನವಾಗಿ ಏರುತ್ತದೆ. ಅಲೆ ಬರಬರುತ್ತಾ ಕಸುವು ಕಳೆದುಕೊಳ್ಳುತ್ತದೆ. ಮಾಲ್ಡೀವ್ಸ್‌ನ ಹೊರ ಅಂಚಿನಲ್ಲಿ ತಳ ಗೋಡೆಯ ಹಾಗೆ ಕಡಿದಾಗಿ ಏಳುವುದರಿಂದ ಆ ಶಕ್ತಿ ಬಹುಪಾಲು ಹಾಗೆಯೇ ಬಂದು ಹವಳದ ಅಂಚಿಗೆ ಅಪ್ಪಳಿಸುತ್ತದೆ.

ಉದ್ದ ಅವಧಿಯ ಅಲೆಗಳೇ ವೇಗವಾಗಿ ಓಡುವುದರಿಂದ ಮೊದಲು ಮುಟ್ಟುವುದೂ ಅವೇ. ಮೊದಲ ದಿನ ಮುನ್ಸೂಚನೆಯಲ್ಲಿ ಅರ್ಧ ಮೀಟರ್ ಎತ್ತರ, 20 ಸೆಕೆಂಡ್ ಅವಧಿ ಎಂದಿರಬಹುದು. ಅನುಭವ ಸಾಲದವರು ಅದನ್ನು ಅಲೆಯಿಲ್ಲದ ದಿನವೆಂದು ಓದುತ್ತಾರೆ. ಅದು ಹಿಂದೆ ಬರುತ್ತಿರುವ ದೊಡ್ಡ ಸ್ವೆಲ್‌ನ ಮುಂಚೂಣಿ.

ಇನ್ನು ಗಾಳಿ. ಮಾಲ್ಡೀವ್ಸ್‌ನವರು ವರ್ಷವನ್ನು ಎಣಿಸುವುದು ನಮ್ಮ ರೈತರು ಮಳೆ ಎಣಿಸುವಂತೆ ನಕ್ಷತ್ರಗಳ ಲೆಕ್ಕದಲ್ಲಿ. ಅವರ ‘ನಕೈ’ ಪಂಚಾಂಗದಲ್ಲಿ 27 ಭಾಗಗಳು, ಒಂದೊಂದಕ್ಕೂ 13–14 ದಿನ. ನಮ್ಮಲ್ಲಿ ಮೃಗಶಿರಾ, ಆರ್ದ್ರಾ ಮಳೆ ಸುರಿಯುವ ಹೊತ್ತಿಗೆ ಅಲ್ಲಿಯೂ ‘ಹುಳಂಗು’ ಎಂಬ ನೈಋತ್ಯ ಮಾರುತ ನೆಲೆಯೂರಿರುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕೋಕ್ಸ್‌ಗೆ ಈ ಗಾಳಿ ದ್ವೀಪದ ಕಡೆಯಿಂದ ಕಡಲಿಗೆ ಬೀಸುತ್ತದೆ. ಏರುವ ಅಲೆಯ ಮುಖವನ್ನು ನೇರವಾಗಿ ನಿಲ್ಲಿಸಿ, ನುಣುಪುಗೊಳಿಸಿ, ಕೊಳವೆ ಬಿಡಿಸುತ್ತದೆ. ಸರ್ಫರ್‌ಗಳು ಕಾಯುವುದು ಇದನ್ನೇ. ಮೋಸವಿರುವುದೂ ಇಲ್ಲೇ. ದಡದಿಂದ ನೋಡಿದರೆ ನೀರು ಶಾಂತವಾಗಿ ಕಾಣುತ್ತದೆ. ಉದ್ದ ಅವಧಿಯ ಸ್ವೆಲ್ ಗುಂಪು ಗುಂಪಾಗಿ ಬರುವುದರಿಂದ ಎರಡು ಗುಂಪುಗಳ ನಡುವೆ ಕೆಲವೊಮ್ಮೆ ಕಾಲು ಗಂಟೆ ಏನೂ ಇರುವುದಿಲ್ಲ. ಆ ಬಿಡುವಿನಲ್ಲಿ ಇಳಿದವನ ತಲೆಯ ಮೇಲೆ ಮುಂದಿನ ಗುಂಪು ಒಡೆಯುತ್ತದೆ. ಮಾಲ್ಡೀವ್ಸ್‌ನಲ್ಲಿ ಉಬ್ಬರಕ್ಕೂ ಇಳಿತಕ್ಕೂ ವ್ಯತ್ಯಾಸ ಹೆಚ್ಚೆಂದರೆ ಒಂದು ಮೀಟರ್ ಆಸುಪಾಸು. ಕಡಿಮೆಯೆನಿಸಬಹುದು, ಆದರೆ ಹವಳದ ಮೇಲೆ ಇರುವ ನೀರೇ ಒಂದೆರಡು ಮೀಟರ್ ಇರುವಲ್ಲಿ ಆ ಒಂದು ಮೀಟರ್ ಪ್ರಾಣದ ಪ್ರಶ್ನೆ.

ದ್ವೀಪದವರಿಗೆ ಇಂಥ ಸ್ವೆಲ್ ಹೊಸದಲ್ಲ. 1987ರ ಏಪ್ರಿಲ್‌ನಲ್ಲಿ ದಕ್ಷಿಣದಿಂದ ಬಂದ ಅಲೆಗಳು ರಾಜಧಾನಿ ಮಾಲೆಯನ್ನು ಮುಳುಗಿಸಿದವು. ಇಂದು ಮಾಲೆಯ ಸುತ್ತ ಕಾಣುವ ಕಾಂಕ್ರೀಟ್ ಟೆಟ್ರಾಪಾಡ್‌ಗಳ ತಡೆಗೋಡೆ ಆಮೇಲೆ ಜಪಾನಿನ ನೆರವಿನಿಂದ ಎದ್ದದ್ದು. 2007ರ ಮೇ 15ರಿಂದ 17ರವರೆಗೆ ಮತ್ತೆ ಹಾಗೆಯೇ ಆಯಿತು. ದಕ್ಷಿಣ ಆಫ್ರಿಕಾದ ಕೆಳಗಿನ ಬಿರುಗಾಳಿಯಿಂದ ಹೊರಟ ಸ್ವೆಲ್ ಮೊದಲು ರಿಯೂನಿಯನ್ ದ್ವೀಪಕ್ಕೆ ಬಡಿದು, ಆಮೇಲೆ ಮಾಲ್ಡೀವ್ಸ್‌ನ 16 ದ್ವೀಪಸಮೂಹಗಳ 68 ದ್ವೀಪಗಳಿಗೆ ನುಗ್ಗಿತು. ಮಾಲ್ಡೀವ್ಸ್‌ನಲ್ಲಿ ಆ ದಿನಗಳಲ್ಲಿ ಚಂಡಮಾರುತ ಇರಲಿಲ್ಲ. ಉದ್ದ ಅವಧಿಯ ಸ್ವೆಲ್ ಹಾಗೂ ದೊಡ್ಡ ಉಬ್ಬರ ಒಟ್ಟಿಗೆ ಬಂದದ್ದೇ ಇದರ ಕಾರಣವೆಂದು ಈ ಪ್ರವಾಹಗಳನ್ನು ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಬಾವಿಗೆ ಉಪ್ಪುನೀರು ಸೇರಿದರೆ ಬಾವಿಯ ನೀರೂ ತೋಟವೂ ಹಾಳಾದಂತೆ. ದೇಶದ ಶೇ 80ರಷ್ಟು ನೆಲ ಸಮುದ್ರಮಟ್ಟದಿಂದ ಒಂದು ಮೀಟರ್‌ಗಿಂತಲೂ ಕಡಿಮೆ ಎತ್ತರದಲ್ಲಿದೆ. ಹಿಂದೆ ಸರಿದು ಹೋಗಲು ಗುಡ್ಡವಿಲ್ಲ.

ಹಾಗಿದ್ದೂ ಪ್ರತಿ ವರ್ಷ ಹೀಗಾಗದಿರುವುದಕ್ಕೆ ಕಾರಣ ಹವಳ. ಜಗತ್ತಿನ ಬೇರೆಬೇರೆ ಕಡೆಯ ಅಳತೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹವಳದ ದಿಬ್ಬಗಳು ಬರುವ ಅಲೆಯ ಶಕ್ತಿಯಲ್ಲಿ ಸರಾಸರಿ ಶೇ 97ರಷ್ಟನ್ನು ಹೀರಿಕೊಳ್ಳುತ್ತವೆ. ಅದರಲ್ಲಿ ಶೇ 86ರಷ್ಟನ್ನು ತಡೆಯುವುದು ದಿಬ್ಬದ ತುದಿಯೊಂದೇ. ಕೋಕ್ಸ್‌ನಂಥ ಅಲೆ ಒಡೆಯುವುದು ಇದೇ ತುದಿಯ ಮೇಲೆ. ಸರ್ಫರ್ ಸವಾರಿ ಮಾಡುವ ಶಕ್ತಿಯೇ ಅಲ್ಲಿ ಒಡೆಯದಿದ್ದರೆ ಊರಿನೊಳಗೆ ಹೋಗುತ್ತಿತ್ತು.

ಈಗ ಆ ಹವಳದ ಸ್ಥಿತಿ. 1998ರಲ್ಲಿ ಕಡಲು ಬಿಸಿಯೇರಿ ಮಾಲ್ಡೀವ್ಸ್‌ನ ಆಳವಿಲ್ಲದ ನೀರಿನ ಹವಳ ಬಿಳಿಚಿ, ಬಹುಪಾಲು ಸತ್ತಿತು. ಚೇತರಿಸಿಕೊಳ್ಳಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. 2016ರಲ್ಲಿ ಮತ್ತೆ ಬಿಳಿಚಿತು. 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೆಯ ವ್ಯಾಪಕ ಹವಳ ಬಿಳಿಚುವಿಕೆ ಆರಂಭವಾಗಿದೆಯೆಂದು ಘೋಷಣೆಯಾಯಿತು. ಮೊದಲ ಎರಡು ಪೆಟ್ಟುಗಳ ನಡುವೆ 18 ವರ್ಷ, ಆಮೇಲಿನ ಪೆಟ್ಟಿಗೆ 8 ವರ್ಷ. ಗಾಯ ಮಾಯಲು ಬೇಕಾದ ಕಾಲಕ್ಕಿಂತ ಮುಂದಿನ ಪೆಟ್ಟಿನ ಅಂತರ ಕಿರಿದಾಗಿದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಸಂಗತಿ ಇದು.

2016ರ ನಂತರ ದೇಶದ ದಕ್ಷಿಣದ ಗಾಫು ಧಾಲುವಿನಲ್ಲಿ ಸಂಶೋಧಕರಾದ ಕ್ರಿಸ್ ಪೆರಿ ಮತ್ತು ಕೈಲ್ ಮಾರ್ಗನ್ ಮಾಡಿದ ಅಳತೆ ಇದಕ್ಕೆ ಗಟ್ಟಿಯಾದ ಸಾಕ್ಷ್ಯ. ಜೀವಂತ ಹವಳದ ಹೊದಿಕೆ ಶೇ 75ರಷ್ಟು ಕುಸಿದು ಕೇವಲ ಶೇ 6ರ ಆಸುಪಾಸಿಗೆ ಇಳಿದಿತ್ತು. ಹವಳ ಸುಣ್ಣ ಕಟ್ಟಿ ಬೆಳೆಯುತ್ತದೆ. ಮೀನು, ಕಡಲ ಮುಳ್ಳುಚೆಂಡು, ಕೊರೆಯುವ ಸ್ಪಂಜುಗಳು ಅದನ್ನು ಸವೆಸುತ್ತವೆ. ಈ ಜಮಾ ಖರ್ಚಿನ ಲೆಕ್ಕ ಚದರ ಮೀಟರ್‌ಗೆ ವರ್ಷಕ್ಕೆ 5.92 ಕೆ.ಜಿ. ಲಾಭದಿಂದ 2.96 ಕೆ.ಜಿ. ನಷ್ಟಕ್ಕೆ ತಿರುಗಿತ್ತು. ವರ್ಷಕ್ಕೆ 4.2 ಮಿ.ಮೀ. ಮೇಲೇರುವ ಸಾಮರ್ಥ್ಯವಿದ್ದ ದಿಬ್ಬ 0.4 ಮಿ.ಮೀ. ತಗ್ಗುವ ಸ್ಥಿತಿಗೆ ಬಂದಿತ್ತು. ಜಾಗತಿಕ ಸಮುದ್ರಮಟ್ಟವೋ 2006ರಿಂದ 2018ರವರೆಗೆ ವರ್ಷಕ್ಕೆ 3.7 ಮಿ.ಮೀ.ನಂತೆ ಏರಿತು. ಮೊದಲಿನ ದಿಬ್ಬ ಈ ಏರಿಕೆಯೊಂದಿಗೆ ಹೆಜ್ಜೆ ಹಾಕಬಲ್ಲದಾಗಿತ್ತು, ಈಗಿನದಕ್ಕೆ ಆಗದು. ಇದೇ ದರ ಮುಂದುವರಿದರೆ 25 ವರ್ಷದಲ್ಲಿ ದಿಬ್ಬದ ಮೇಲಿನ ನೀರು 10 ಸೆಂ.ಮೀ. ಆಳವಾಗುತ್ತದೆ. ಗಾಫು ಧಾಲು ತುಲುಸ್ಧೂನಿಂದ ನಾನೂರು ಕಿ.ಮೀ. ದಾಟಿ ಇದೆ, ಆ ಅಂಕಿಗಳನ್ನು ಹಾಗೆಯೇ ಕೋಕ್ಸ್‌ಗೆ ಅಂಟಿಸುವಂತಿಲ್ಲ. ಆದರೆ ಎರಡನ್ನೂ ಬೇಯಿಸುತ್ತಿರುವುದು ಒಂದೇ ಕಡಲಿನ ಬಿಸಿ.

ಆಳವಾದರೆ ಸರ್ಫರ್‌ಗೆ ಕ್ಷೇಮವಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಅಲೆ ಒಡೆಯುವುದು ತನ್ನ ಎತ್ತರಕ್ಕೆ ಹತ್ತಿರವಾದ ಆಳ ಸಿಕ್ಕಿದಲ್ಲಿ. ತುದಿ ತಗ್ಗಿದರೆ ಒಡೆಯುವ ಜಾಗ ಒಳಕ್ಕೆ ಸರಿಯುತ್ತದೆ, ಅಲೆಯ ಆಕಾರ ಬದಲಾಗುತ್ತದೆ. ಸತ್ತ ಹವಳದ ಕೊಂಬೆಗಳು ದೊಡ್ಡ ಸ್ವೆಲ್‌ಗೆ ಮುರಿದು ರಾಶಿಯಾಗಿ ಒಂದೆಡೆ ತಗ್ಗನ್ನೂ ಇನ್ನೊಂದೆಡೆ ದಿಣ್ಣೆಯನ್ನೂ ಮಾಡುತ್ತವೆ. ಜೀವಂತ ಹವಳದ ಒರಟುತನ ಹೋಗಿ ತಳ ನುಣುಪಾದರೆ ನೀರಿಗೆ ತಡೆ ಕಡಿಮೆ. ದಿಬ್ಬದ ಮೇಲೆ ಏರಿದ ನೀರು ಕಾಲುವೆಯ ಮೂಲಕ ಕಡಲಿಗೆ ಮರಳುವ ಸೆಳೆತವೂ ಬದಲಾಗುತ್ತದೆ. ಯಾವ ಉಬ್ಬರದಲ್ಲಿ ಇಳಿಯಬಹುದು, ಬಿದ್ದರೆ ಯಾವ ಕಡೆ ಈಜಬೇಕು ಎಂದು ಇಪ್ಪತ್ತು ವರ್ಷ ನೋಡಿ ಕಲಿತವರ ಲೆಕ್ಕ ಹೀಗೆ ತಪ್ಪತೊಡಗುತ್ತದೆ. ಅಲ್ಲಿ ತಲೆಗೆ ಪೆಟ್ಟಾದರೆ ದೊಡ್ಡ ಆಸ್ಪತ್ರೆಗೆ ಸ್ಪೀಡ್‌ಬೋಟಿನಲ್ಲಿ ಮಾಲೆಗೇ ಹೋಗಬೇಕು.

ಅಲೆಯ ಕಡೆಯಿಂದಲೂ ಸಮಾಧಾನವಿಲ್ಲ. ಮೆಲ್ಬರ್ನ್ ವಿಶ್ವವಿದ್ಯಾಲಯದ ಇಯಾನ್ ಯಂಗ್ ಮತ್ತು ಅಗಸ್ಟಿನಸ್ ರಿಬಾಲ್ 1985ರಿಂದ 2018ರವರೆಗಿನ ಉಪಗ್ರಹ ಮಾಹಿತಿ ಪರಿಶೀಲಿಸಿ, ದಕ್ಷಿಣ ಮಹಾಸಾಗರದ ಅತಿ ದೊಡ್ಡ ಅಲೆಗಳು ಸುಮಾರು 30 ಸೆಂ.ಮೀ., ಅಂದರೆ ಶೇ 5ರಷ್ಟು ಎತ್ತರವಾಗಿವೆ ಎಂದು ಕಂಡುಕೊಂಡರು. ಮಾಲ್ಡೀವ್ಸ್‌ನ ಸ್ವೆಲ್ ಹೊರಡುವುದು ಅದೇ ಕಡಲಿನಿಂದ.

ವಿರುದ್ಧ ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡಬಾರದು. ಫ್ರಾನ್ಸಿನ ಸಂಶೋಧಕಿ ವರ್ಜಿನಿ ದೂವಾ ಅವರು ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ 709 ಹವಳದ್ವೀಪಗಳ ಅಧ್ಯಯನಗಳನ್ನು ಪರಾಮರ್ಶಿಸಿದಾಗ ಶೇ 88.6ರಷ್ಟು ದ್ವೀಪಗಳ ವಿಸ್ತೀರ್ಣ ಸ್ಥಿರವಾಗಿತ್ತು ಅಥವಾ ಹೆಚ್ಚಿತ್ತು. ಅಲೆಗಳು ಮರಳನ್ನು ಮೇಲೆ ತಂದು ಹಾಕಿ ದ್ವೀಪವನ್ನು ಎತ್ತರಿಸಬಲ್ಲವು. ಮಾಲ್ಡೀವ್ಸ್ ನಾಳೆಯೇ ಮುಳುಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಆ ಮರಳು ಎಲ್ಲಿಂದ ಬರುತ್ತದೆ? ಮಾಲ್ಡೀವ್ಸ್‌ನ ವಕ್ಕರು ದ್ವೀಪದಲ್ಲಿ ನಡೆದ ಅಧ್ಯಯನದ ಪ್ರಕಾರ, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಹವಳವನ್ನು ಕೆರೆದು ತಿನ್ನುವ ಪ್ಯಾರಟ್‌ಫಿಶ್ ಎಂಬ ಗಿಳಿಮೂತಿಯ ಮೀನು ಕೊಟ್ಟದ್ದು. ಹವಳವೂ ಆ ಮೀನೂ ಉಳಿದರೆ ಮಾತ್ರ ಮುಂದೆಯೂ ಮರಳು. ಮರಳು ಮೇಲೇರಬೇಕಾದರೆ ಅಲೆ ದ್ವೀಪದ ಮೇಲೆ ಹರಿಯಲೂ ಬೇಕು. ಜನರಿಲ್ಲದ ದ್ವೀಪಕ್ಕೆ ಅದು ಬೆಳವಣಿಗೆ. ಶಾಲೆ, ಮಸೀದಿ, ಬಾವಿ ಇರುವ ತುಲುಸ್ಧೂವಿಗೆ ಅದು ಪ್ರವಾಹ.

ನಮ್ಮ ಲಕ್ಷದ್ವೀಪ ಇದೇ ಹವಳ ಸಾಲಿನ ಉತ್ತರದ ತುದಿ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು 1998ರಿಂದ ಅಲ್ಲಿಯ ಹವಳವನ್ನು ಅಳೆಯುತ್ತಾ ಬಂದಿದ್ದಾರೆ. ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ ಶೇ 37ರಷ್ಟಿದ್ದ ಹವಳದ ಹೊದಿಕೆ 2022ಕ್ಕೆ ಶೇ 19ರಷ್ಟಕ್ಕೆ ಇಳಿದಿದೆ. ಸ್ವೆಲ್ ಅಲ್ಲಿಗೂ ನಿಲ್ಲುವುದಿಲ್ಲ. ಕೇರಳದವರು ‘ಕಳ್ಳಕ್ಕಡಲ್’ ಎನ್ನುವ, ಗಾಳಿಯೇ ಇಲ್ಲದೆ ಏರಿ ಬರುವ ಕಡಲು ಇದೇ ದಕ್ಷಿಣದ ಸ್ವೆಲ್‌ನ ಕೆಲಸ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ಯುವ ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ತೀರಿಕೊಂಡರು. ಕಡಲ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಎಚ್ಚರಿಕೆ ಅದಕ್ಕೂ ಮೊದಲೇ ಹೊರಬಿದ್ದಿತ್ತು. ಎಚ್ಚರಿಕೆ ಇದ್ದೂ ಆ ಸಾವುಗಳು ತಪ್ಪಲಿಲ್ಲ.

ಆದ್ದರಿಂದ ನುರಿತ ಸರ್ಫರ್ ಆಗಲಿ, ದ್ವೀಪದ ಆಡಳಿತವಾಗಲಿ ಮುನ್ಸೂಚನೆಯಲ್ಲಿ ಎತ್ತರದ ಅಂಕಿಗೆ ಮೊದಲು ಅವಧಿಯನ್ನು ಓದಬೇಕು. ಅವಧಿ 16 ಸೆಕೆಂಡ್ ಮೀರಿ, ಆ ದಿನ ಅಮಾವಾಸ್ಯೆಯೋ ಹುಣ್ಣಿಮೆಯೋ ಹತ್ತಿರವಿದ್ದರೆ ದಡದ ಮನೆಗಳಿಗೆ ಹೇಳಿಕಳಿಸಬೇಕು, ದೋಣಿಗಳನ್ನು ಮೇಲೆಳೆಯಬೇಕು. ಪ್ರತಿ ಬಿಳಿಚುವಿಕೆಯ ನಂತರ ದಿಬ್ಬದ ತುದಿಯ ಆಳವನ್ನು ಹೊಸದಾಗಿ ಅಳೆದು, ಆ ಅಳತೆಯನ್ನು ಪ್ರವಾಹದ ಲೆಕ್ಕಕ್ಕೆ ಸೇರಿಸಬೇಕು. ಹಳೆಯ ಆಳವನ್ನೇ ನಂಬಿದ ಮಾದರಿ ನೀರು ಎಲ್ಲಿಯವರೆಗೆ ಬರುತ್ತದೆಂದು ಕಡಿಮೆ ಹೇಳುತ್ತದೆ. ಬಂದರಿಗಾಗಿ, ರೆಸಾರ್ಟಿಗಾಗಿ ದಿಬ್ಬ ಕಡಿದು ಹೂಳೆತ್ತುವ ಕೆಲಸ ಬೇಸಿಗೆಯ ಬಿಸಿಯ ತಿಂಗಳುಗಳಲ್ಲಾದರೂ ನಿಲ್ಲಬೇಕು. ಬಿಸಿಯಿಂದ ಸೊರಗಿದ ಹವಳದ ಮೇಲೆ ಕೆಸರು ಕೂತರೆ ಅದು ಏಳುವುದಿಲ್ಲ. ಮಾಲ್ಡೀವ್ಸ್‌ನಲ್ಲಿ ಕಡಲ ಬಿಸಿ ತುತ್ತತುದಿ ಮುಟ್ಟುವುದು ಏಪ್ರಿಲ್–ಮೇಯಲ್ಲಿ, ದಕ್ಷಿಣದ ದೊಡ್ಡ ಸ್ವೆಲ್‌ಗಳು ಬರತೊಡಗುವುದೂ ಅದೇ ತಿಂಗಳುಗಳಲ್ಲಿ. ಆಳ ಅಳೆಯುವ ಕೆಲಸ ಅದಕ್ಕೆ ಮೊದಲು, ಕಡಲು ತಿಳಿಯಾಗಿರುವ ಫೆಬ್ರುವರಿಯೊಳಗೆ ಮುಗಿಯಬೇಕು.