ಗಡಿ ದಾಟಿದ ಫೋನು: ಪರದೇಶದಲ್ಲಿ ರೋಮಿಂಗ್ ಖರ್ಚು ಉಳಿಸುವುದು ಹೇಗೆ?



ನಮ್ಮ ಭಾಗದ ಹಳೆಯ ನಕಾಶೆ ಎಲ್ಲಿಯಾದರೂ ಸಿಕ್ಕರೆ ಒಮ್ಮೆ ಬಿಡಿಸಿ ನೋಡಿ. 1948ಕ್ಕೆ ಮೊದಲಿನದಾದರೆ ಇನ್ನೂ ಚೆನ್ನ. ಗದಗ-ಬೆಟಗೇರಿ ಮತ್ತು ಮುಂಡರಗಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಪಕ್ಕದ ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಮುಂಡರಗಿಯಿಂದ ಪೂರ್ವಕ್ಕೆ ಕೊಪ್ಪಳದ ಕಡೆ ಬಂಡಿ ಹೊಡೆದರೆ ನಿಜಾಮನ ಸೀಮೆ. ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಮದ್ರಾಸ್ ಪ್ರಾಂತ್ಯ. ನಿಜಾಮನ ಸೀಮೆಯಲ್ಲಿ ನಾಣ್ಯ ಬೇರೆ, ಅಂಚೆಚೀಟಿ ಬೇರೆ, ಸರಕಿಗೆ ಸುಂಕ ಬೇರೆ. ಮಾತು ಅದೇ ಕನ್ನಡ, ನೆಲ ಅದೇ ಎರೆಭೂಮಿ. ಆದರೂ ಗಡಿ ದಾಟಿದವನು ನಾಣ್ಯ ಬದಲಿಸಿಕೊಳ್ಳಬೇಕಿತ್ತು, ಬದಲಿಸಿಕೊಟ್ಟವನಿಗೆ ವಟ್ಟ ಕೊಡಬೇಕಿತ್ತು.

ಇಂದು ನಾವು ಮಾತನಾಡಲಿರುವ ರೋಮಿಂಗ್ ಶುಲ್ಕವೂ ಇದೇ ಜಾತಿಯದು. ಅದನ್ನು ಗಡಿಯ ವಟ್ಟ ಎಂದು ತಿಳಿದುಕೊಂಡರೆ ಅರ್ಧ ವಿಷಯ ಅರ್ಥವಾದಂತೆ.

ಬೆಟಗೇರಿಯ ನಮ್ಮ ಓಣಿಯ ಹಿರಿಯರೊಬ್ಬರು ಕಾಶಿಯಾತ್ರೆಗೆ ಹೋದವರು, ಬಂದದ್ದೇ ಬಂದೆವು ಎಂದು ತಂಡದವರ ಜೊತೆ ನೇಪಾಳಕ್ಕೂ ಹೊರಟರು. ಪಶುಪತಿನಾಥನ ದರ್ಶನ ಮಾಡುವ ಆಸೆ. ಬಸ್ಸು ಗಡಿ ದಾಟಿತು. ಅವರ ಕಿಸೆಯಲ್ಲಿದ್ದ ಸ್ಮಾರ್ಟ್‌ಫೋನೂ ದಾಟಿತು. ಯಾರನ್ನೂ ಕೇಳದೆ ನೇಪಾಳದ ಟವರ್ ಹಿಡಿಯಿತು. ಅಷ್ಟರಲ್ಲಿ ಮನೆಯಿಂದ ಮೊಮ್ಮಗನ ಹುಟ್ಟುಹಬ್ಬದ ವಿಡಿಯೋಗಳು ವಾಟ್ಸಾಪಿನಲ್ಲಿ ಸಾಲುಗಟ್ಟಿ ಬಂದವು. ಕಠ್ಮಂಡು ತಲುಪುವ ಮೊದಲೇ ಫೋನಿನಲ್ಲಿದ್ದ ರೊಕ್ಕವೆಲ್ಲ ಮುಗಿದು ಹೋಗಿತ್ತು. ಮುಂದೆ ಎರಡು ದಿನ ಅವರ ಸುದ್ದಿಯೇ ಇಲ್ಲ. ಅವರ ಸೊಸೆ ನಮ್ಮ ಮನೆಗೆ ಬಂದು, ‘ಸರ್, ಮಾವನೋರ ಫೋನ್ ಹತ್ತವಲ್ದು, ಏನರ ಆಗೇತೇನ್ರಿ?’ ಎಂದು ಕಣ್ಣಲ್ಲಿ ನೀರು ತಂದುಕೊಂಡದ್ದು ನನಗೆ ಇನ್ನೂ ನೆನಪಿದೆ. ಹೋದ ರೊಕ್ಕದ ದುಃಖ ದೊಡ್ಡದಲ್ಲ. ಊರು ಬಿಟ್ಟ ಹಿರಿಯರು ಬೇಕಾದ ಹೊತ್ತಿಗೆ ಮಾತಿಗೆ ಸಿಗದೆ ಹೋದದ್ದೇ ದೊಡ್ಡ ಸಂಕಟ.

ಹಾಗಾದರೆ ಗಡಿ ದಾಟಿದ ಫೋನಿಗೆ ಆಗುವುದೇನು?

ನಿಮ್ಮ ಸಿಮ್ ಕಾರ್ಡಿನೊಳಗೆ ಒಂದು ಸಂಖ್ಯೆ ಅಡಗಿದೆ. ನಾವು ಡಯಲ್ ಮಾಡುವ ಹತ್ತು ಅಂಕಿಯ ಸಂಖ್ಯೆಯಲ್ಲ, ಬೇರೆ ಇನ್ನೊಂದು. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ. ಭಾರತದ್ದು 404 ಅಥವಾ 405, ನೇಪಾಳದ್ದು 429, ಸೌದಿ ಅರೇಬಿಯಾದ್ದು 420, ಜರ್ಮನಿಯದು 262. ಪರದೇಶದ ಟವರಿನ ಕೆಳಗೆ ಫೋನು ಕಣ್ಣು ತೆರೆದ ಕೂಡಲೇ ಆ ಟವರು ಈ ಸಂಖ್ಯೆಯನ್ನು ನೋಡಿ, ‘ಇವನು ಹೊರಗಿನವನು’ ಎಂದು ಗುರುತಿಸುತ್ತದೆ. ಗುರುತಿಸಿ, ಭಾರತದಲ್ಲಿರುವ ನಿಮ್ಮ ಕಂಪನಿಯನ್ನು ವಿಚಾರಿಸುತ್ತದೆ: ಇವನು ನಿಮ್ಮವನೇ? ಒಳಗೆ ಬಿಡಬಹುದೇ? ಇವನ ಖರ್ಚು ನೀವು ಕೊಡುತ್ತೀರಾ? ಎರಡು ಕಂಪನಿಗಳ ನಡುವೆ ಮೊದಲೇ ಒಪ್ಪಂದವಾಗಿದ್ದರೆ ‘ಹೌದು’ ಎಂಬ ಉತ್ತರ ಕೆಲವು ಕ್ಷಣಗಳಲ್ಲೇ ಬರುತ್ತದೆ. ಅತಿಥಿಯ ಹೆಸರು ಅಲ್ಲಿನ ವಹಿಯಲ್ಲಿ ದಾಖಲಾಗುತ್ತದೆ. ಇದೇ ರೋಮಿಂಗ್.

ಇನ್ನು ಕರೆ ಬಂದಾಗ ನಡೆಯುವುದು ಹೆಚ್ಚು ಸ್ವಾರಸ್ಯದ ಸಂಗತಿ. ಲಕ್ಷ್ಮೇಶ್ವರದಿಂದ ಹಜ್ ಯಾತ್ರೆಗೆ ಹೋದ ತಾಯಿಯೊಬ್ಬರು ಮಕ್ಕಾದಲ್ಲಿ ಇದ್ದಾರೆ ಎನ್ನಿ. ಊರಲ್ಲಿರುವ ಮಗ ಅವರ ಭಾರತದ ಸಂಖ್ಯೆಗೆ ಫೋನ್ ಹಚ್ಚುತ್ತಾನೆ. ಅಮ್ಮ ಮಕ್ಕಾದಲ್ಲಿರುವುದು ದೂರವಾಣಿ ಜಾಲಕ್ಕೆ ಮೊದಲು ಗೊತ್ತಿರುವುದಿಲ್ಲ. ಕರೆ ಎಂದಿನಂತೆ ಭಾರತದ ಕಂಪನಿಗೇ ಹೋಗುತ್ತದೆ. ಆ ಕಂಪನಿ ತನ್ನ ವಹಿ ತೆಗೆದು ನೋಡಿ, ಚಂದಾದಾರರು ಸೌದಿಯಲ್ಲಿದ್ದಾರೆ ಎಂದು ತಿಳಿದು, ಕರೆಯನ್ನು ಅಲ್ಲಿಗೆ ಸಾಗಿಸುತ್ತದೆ. ಮಗ ಮಾಡಿದ್ದು ಊರೊಳಗಿನ ಕರೆ. ಅವನಿಗೆ ಹೆಚ್ಚಿನ ಖರ್ಚಿಲ್ಲ. ಭಾರತದಿಂದ ಸೌದಿಯವರೆಗಿನ ಎರಡನೆಯ ಪಯಣದ ಬಾಡಿಗೆ ಮಾತ್ರ ಅಮ್ಮನ ಲೆಕ್ಕಕ್ಕೆ ಬೀಳುತ್ತದೆ. ಕರೆ ಬಂದರೂ ದುಡ್ಡು ಏಕೆ ಎಂದು ಬಹಳ ಜನ ಕೇಳುತ್ತಾರಲ್ಲ, ಉತ್ತರ ಇದು.

ಇಂಟರ್ನೆಟ್ಟಿನ ದಾರಿ ಇನ್ನೂ ಸುತ್ತು. ಆ ತಾಯಿ ಮಕ್ಕಾದಲ್ಲಿ ಕುಳಿತು ಭಾರತದ ಸಿಮ್ಮಿನಿಂದಲೇ ಅಲ್ಲಿನ ಹೋಟೆಲಿನ ನಕಾಶೆ ನೋಡಿದರೂ ಅವರ ಕೋರಿಕೆ ಸಾಮಾನ್ಯವಾಗಿ ಭಾರತದ ಕಂಪನಿಯ ಹೆಬ್ಬಾಗಿಲಿಗೆ ಬಂದು, ಅಲ್ಲಿಂದ ಹೊರಬಿದ್ದು, ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಮುಂಡರಗಿಯವನು ಡಂಬಳಕ್ಕೆ ಹೋಗಲು ಹುಬ್ಬಳ್ಳಿಯ ಮೇಲೆ ಹಾಯ್ದಂತೆ!

ಅತಿಥಿಯ ಒಂದೊಂದು ನಿಮಿಷ, ಒಂದೊಂದು ತುಣುಕು ಡೇಟಾ ಪರದೇಶದ ಕಂಪನಿಯ ಲೆಕ್ಕದಲ್ಲಿ ಸೇರಿ, ಭಾರತದ ಕಂಪನಿಗೆ ಬಿಲ್ಲಾಗಿ ಬರುತ್ತದೆ. ನಮ್ಮ ಕಂಪನಿ ಅದರ ಮೇಲೆ ತನ್ನದನ್ನೂ ಸೇರಿಸಿ ನಮ್ಮಿಂದ ವಸೂಲು ಮಾಡುತ್ತದೆ. ಆದರೆ ದರ ಏರುವುದಕ್ಕೆ ತಾಂತ್ರಿಕ ಖರ್ಚೊಂದೇ ಕಾರಣವಲ್ಲ. ಅತಿಥಿಗೆ ಚೌಕಾಶಿ ಮಾಡುವ ಅವಕಾಶವೇ ಇಲ್ಲ. ಜಾತ್ರೆಯಲ್ಲಿ ನೀರಿನ ಬಾಟಲಿ ಕೊಂಡಂತೆ, ಹೇಳಿದಷ್ಟು ಕೊಡಬೇಕು. ಇದಕ್ಕೆ ಒಳ್ಳೆಯ ಸಾಕ್ಷಿ ಯುರೋಪಿನಲ್ಲಿದೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟವು ತನ್ನ ಸದಸ್ಯ ದೇಶಗಳ ನಡುವೆ ಪ್ರಯಾಣಿಕರ ರೋಮಿಂಗ್ ಶುಲ್ಕವನ್ನು ತೆಗೆದುಹಾಕಿತು. ತಂತಿ ಅದೇ, ಟವರು ಅದೇ. ಬದಲಾದದ್ದು ಕಾನೂನು ಮಾತ್ರ. ಓದಲು ಜರ್ಮನಿಗೆ ಹೋಗುವವರು ಇದನ್ನು ನೆನಪಿಡಬೇಕು: ಅಲ್ಲಿ ಕೊಂಡ ಸಿಮ್ ಫ್ರಾನ್ಸಿನಲ್ಲೂ ಇಟಲಿಯಲ್ಲೂ ಮನೆಯ ದರದಲ್ಲೇ ನಡೆಯುತ್ತದೆ. ನಡುವಿರುವ ಸ್ವಿಟ್ಜರ್ಲೆಂಡ್ ಮಾತ್ರ ಒಕ್ಕೂಟದಲ್ಲಿಲ್ಲ. ರೈಲಿನಲ್ಲಿ ನಿದ್ದೆ ಹತ್ತಿದಾಗ ಅದು ಬಂದು ಹೋಗಿರುತ್ತದೆ.

ನಮ್ಮ ದೇಶದಲ್ಲೂ ಹೀಗೆಯೇ ಆಯಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಆದರೂ ಕರ್ನಾಟಕದ ಗಡಿ ದಾಟಿದರೆ ರೋಮಿಂಗ್ ತಪ್ಪುತ್ತಿರಲಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೋದ ವ್ಯಾಪಾರಿ ಮನೆಯವರ ಕರೆಯನ್ನು ಎತ್ತದೆ ಕಟ್ ಮಾಡಿ, ಕಾಯಿನ್ ಬಾಕ್ಸಿನಿಂದ ತಿರುಗಿ ಫೋನ್ ಮಾಡುತ್ತಿದ್ದ ಕಾಲವದು. 2013 ಮತ್ತು 2015ರಲ್ಲಿ ಟ್ರಾಯ್ ಸಂಸ್ಥೆ ದರಗಳನ್ನು ಇಳಿಸಿತು. 2016-17ರ ಪೈಪೋಟಿಯಲ್ಲಿ ದೇಶದೊಳಗಿನ ರೋಮಿಂಗ್ ಬಹುಮಟ್ಟಿಗೆ ಮಾಯವೇ ಆಯಿತು. ನೀವು ಅದನ್ನು ನೋಡಿಯೇ ಇಲ್ಲ. ನೇಪಾಳ ಗಡಿಯಲ್ಲಿ ನಮ್ಮವರು ಮೋಸಹೋಗುವುದಕ್ಕೆ ಇದೂ ಒಂದು ಕಾರಣ: ಕಾಶಿಯವರೆಗೂ ಏನೂ ಆಗದ ಫೋನಿಗೆ ಇನ್ನಷ್ಟು ಮುಂದೆ ಏನಾದೀತು ಎಂಬ ಧೈರ್ಯ.

ಈಗ ಖರ್ಚಿನ ವಿಷಯ. ಕರೆ ನಮಗೆ ಕಾಣುತ್ತದೆ, ನಿಮಿಷ ಎಣಿಸಬಹುದು. ಡೇಟಾ ಕಾಣುವುದಿಲ್ಲ. ಫೋನು ಕಿಸೆಯಲ್ಲಿ ಮಲಗಿದ್ದಾಗಲೂ ಆ್ಯಪ್‌ಗಳು ಎದ್ದು ಕೂತಿರುತ್ತವೆ. ತೆಗೆದ ಫೋಟೋಗಳನ್ನು ತಾವಾಗಿಯೇ ಮೇಲಕ್ಕೆ ಕಳಿಸುತ್ತವೆ, ಹೊಸ ಆವೃತ್ತಿ ಇಳಿಸಿಕೊಳ್ಳುತ್ತವೆ, ಮುಂಜಾನೆಯ ಶುಭೋದಯದ ಚಿತ್ರಗಳನ್ನು ಜೋಡಿಸಿಡುತ್ತವೆ. ಪ್ಯಾಕ್ ಹಾಕಿಸದಿದ್ದರೆ ಒಂದು ಎಂ.ಬಿ.ಗೆ ನೂರಾರು ರೂಪಾಯಿ ದರ ಬಿದ್ದದ್ದೂ ಉಂಟು. ಲೆಕ್ಕಕ್ಕೆ ನೂರು ರೂಪಾಯಿ ಎಂದೇ ಹಿಡಿಯಿರಿ. ಮೂರು ಎಂ.ಬಿ.ಯ ಒಂದು ಫೋಟೋಕ್ಕೆ 300 ರೂಪಾಯಿ. ಹತ್ತು ಎಂ.ಬಿ.ಯ ಚಿಕ್ಕದೊಂದು ವಿಡಿಯೋಕ್ಕೆ 1,000. ಇನ್ನು ಮೊಮ್ಮಗ ಕೇಕು ಕತ್ತರಿಸಿದ್ದು ಎಷ್ಟಾಯಿತೋ ನೀವೇ ಗುಣಿಸಿ.

ಆದ್ದರಿಂದ ಮೊದಲ ಕೆಲಸ: ಫೋನಿನ ಸೆಟ್ಟಿಂಗಿನಲ್ಲಿ ‘ಡೇಟಾ ರೋಮಿಂಗ್’ ಎಂಬ ಗುಂಡಿ ಇರುತ್ತದೆ, ಅದನ್ನು ಊರಲ್ಲೇ ಆರಿಸಿಬಿಡಬೇಕು. ವಿಮಾನ ಇಳಿದ ಮೇಲಲ್ಲ. ವಿಮಾನದಲ್ಲಿ ಏರ್‌ಪ್ಲೇನ್ ಮೋಡ್ ಹಾಕಿಯೇ ಇರಬೇಕು. ಕೆಲವು ವಿಮಾನ, ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಸ್ವಂತ ಜಾಲವಿರುತ್ತದೆ, ಅದರ ದರ ನೆಲದ ದರಕ್ಕಿಂತಲೂ ಬಿರುಸು.

ಹಾಗೆಂದು ಭಾರತದ ಸಿಮ್ಮನ್ನೇ ತೆಗೆದು ಡಬ್ಬಿಯಲ್ಲಿ ಇಡಬಾರದು. ಬ್ಯಾಂಕಿನ ಒಟಿಪಿ ಬರುವುದು ಆ ಸಂಖ್ಯೆಗೇ. ಪರದೇಶದಲ್ಲಿ ಬರುವ ಎಸ್‌ಎಂಎಸ್‌ಗೆ ನಮ್ಮ ಬಹುತೇಕ ಕಂಪನಿಗಳು ದುಡ್ಡು ಹಿಡಿಯುವುದಿಲ್ಲ. ಆದರೆ ಅದು ಬರಬೇಕಾದರೆ ಆ ಸಂಖ್ಯೆಗೆ ವಿದೇಶಿ ರೋಮಿಂಗ್ ಸೌಲಭ್ಯ ತೆರೆದಿರಬೇಕು, ಪ್ರೀಪೇಯ್ಡ್ ಆದರೆ ಅವಧಿಯೂ ಉಳಿದಿರಬೇಕು. ಇದನ್ನು ಹೊರಡುವ ಮೊದಲೇ ಕಂಪನಿಯ ಅಂಗಡಿಯಲ್ಲಿ ಕೇಳಿ ಮಾಡಿಸಿಕೊಳ್ಳಬೇಕು. ಮೇಲೆ ಹೇಳಿದ ಗುಂಡಿ ಡೇಟಾವನ್ನು ಮಾತ್ರ ತಡೆಯುತ್ತದೆ, ಎಸ್‌ಎಂಎಸ್‌ ತಡೆಯುವುದಿಲ್ಲ. ಎರಡೂ ಒಂದೇ ಎಂದು ತಿಳಿದು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಕರೆಗಳನ್ನು ಬೇರೆ ಸಂಖ್ಯೆಗೆ ತಿರುಗಿಸಿಟ್ಟಿದ್ದರೆ ##002# ಎಂದು ಡಯಲ್ ಮಾಡಿ ರದ್ದು ಮಾಡಿ. ಇಲ್ಲವಾದರೆ ಎತ್ತದ ಕರೆಯೂ ಎರಡು ಸಲ ಗಡಿ ದಾಟಿ ಎರಡು ಸಲ ಬಿಲ್ಲಾದೀತು.

ಮಾತಿಗೆ ಮತ್ತು ಇಂಟರ್ನೆಟ್ಟಿಗೆ ಅಲ್ಲಿಯದೇ ಸಿಮ್ ಕೊಳ್ಳುವುದು ಒಳ್ಳೆಯದು. ಎರಡು ಸಿಮ್ಮಿನ ಫೋನು ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದರಲ್ಲಿ ಊರಿನದು, ಇನ್ನೊಂದರಲ್ಲಿ ಅಲ್ಲಿಯದು. ನೇಪಾಳದಲ್ಲಿ ನೇಪಾಳ ಟೆಲಿಕಾಂ ಮತ್ತು ಎನ್‌ಸೆಲ್ ಕಂಪನಿಗಳ ಸಿಮ್ ಗುರುತಿನ ದಾಖಲೆ, ಫೋಟೋ ಕೊಟ್ಟರೆ ಸಿಗುತ್ತದೆ. ಸೌದಿಯಲ್ಲಿ 2016ರಿಂದ ಬೆರಳಚ್ಚೂ ಬೇಕು. ಹಾಗಾಗಿ ಒಬ್ಬರ ಪರವಾಗಿ ಇನ್ನೊಬ್ಬರು ತರಲಾಗದು. ಹೊಸ ಫೋನುಗಳಲ್ಲಿ ಇ-ಸಿಮ್ ಎಂಬುದಿದೆ, ಕಾರ್ಡಿಲ್ಲದೆ ಫೋನಿನೊಳಗಿನ ಚಿಪ್ಪಿಗೇ ಇಳಿಸಿಕೊಳ್ಳುವ ಸಿಮ್. *#06# ಒತ್ತಿದಾಗ ಇಐಡಿ ಎಂಬ ಉದ್ದ ಸಂಖ್ಯೆ ಕಂಡರೆ ನಿಮ್ಮ ಫೋನಿಗೆ ಆ ಶಕ್ತಿ ಇದೆ ಎಂದರ್ಥ. ನಾಲ್ಕೇ ದಿನದ ಪ್ರಯಾಣವಾದರೆ ಇಷ್ಟೆಲ್ಲ ರಗಳೆ ಬೇಡ, ಭಾರತದ ಕಂಪನಿಯ ರೋಮಿಂಗ್ ಪ್ಯಾಕನ್ನೇ ಹೊರಡುವ ಮೊದಲು ಹಾಕಿಸಿಕೊಳ್ಳಬಹುದು. ಆ ದೇಶದ ಹೆಸರು ಪ್ಯಾಕಿನ ಪಟ್ಟಿಯಲ್ಲಿ ಇದೆಯೇ ಎಂದು ಮಾತ್ರ ಓದಿ ನೋಡಬೇಕು.

ತಂಡವಾಗಿ ಹೋಗುವವರಿಗೆ ಇನ್ನೊಂದು ಹಾದಿ ಇದೆ. ಒಬ್ಬರು ಅಲ್ಲಿಯ ಸಿಮ್ ಕೊಂಡು ಹಾಟ್‌ಸ್ಪಾಟ್ ತೆರೆದರೆ ಐದಾರು ಜನರ ಫೋನಿಗೆ ಇಂಟರ್ನೆಟ್ ಹರಿಯುತ್ತದೆ, ಖರ್ಚು ಹಂಚಿಕೊಳ್ಳಬಹುದು. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಮ್ ಬದಲಾದರೂ ವಾಟ್ಸಾಪ್ ಹಳೆಯ ಸಂಖ್ಯೆಯಲ್ಲೇ ನಡೆಯುತ್ತದೆ. ‘ಸಂಖ್ಯೆ ಬದಲಿಸಬೇಕೇ’ ಎಂದು ಅದು ಕೇಳಿದರೆ ಬೇಡ ಎನ್ನಬೇಕು. ದುಬೈ ಕಡೆ ಹೋಗುವವರಿಗೊಂದು ಮಾತು: ಅಲ್ಲಿ ವಾಟ್ಸಾಪಿನ ಸಂದೇಶ ನಡೆಯುತ್ತದೆ, ಆದರೆ ಅದರ ಕರೆಗೆ ಬಹುಕಾಲದಿಂದ ನಿರ್ಬಂಧವಿದೆ. ಹೋಟೆಲಿನ ಉಚಿತ ವೈಫೈ ಮಾತುಕತೆಗೆ ಸಾಕು, ಬ್ಯಾಂಕಿನ ವ್ಯವಹಾರಕ್ಕೆ ಬೇಡ.

ಇನ್ನು ನಿಮ್ಮಿಂದ ಆಗಬೇಕಾದ ಕೆಲಸ. ಮನೆಯಲ್ಲಿ ಫೋನಿನ ಪಂಡಿತರು ನೀವೇ ತಾನೇ? ಅಜ್ಜಿಯೋ ಕಾಕಾನೋ ಹೊರಡುವ ಹಿಂದಿನ ದಿನ ಅವರ ಫೋನಿನಲ್ಲಿ ಮನೆಯವರೆಲ್ಲರ ಸಂಖ್ಯೆಯ ಮುಂದೆ +91 ಸೇರಿಸಿ ಉಳಿಸಿಕೊಡಿ. ಅಲ್ಲಿಯ ಸಿಮ್ಮಿನಿಂದ ಬರೀ ಹತ್ತು ಅಂಕಿ ಒತ್ತಿದರೆ ಕರೆ ಆ ದೇಶದೊಳಗೇ ಅಲೆದು ಸಾಯುತ್ತದೆ. ಹೊರದೇಶಕ್ಕೆ ಕರೆ ಮಾಡುವಾಗ ಭಾರತದಲ್ಲಿ 00, ಅಮೆರಿಕದಲ್ಲಿ 011 ಒತ್ತಬೇಕು. ಕೂಡುಚಿಹ್ನೆ ಹಾಕಿದರೆ ಫೋನೇ ಆಯಾ ದೇಶಕ್ಕೆ ತಕ್ಕಂತೆ ಅದನ್ನು ಬದಲಿಸಿಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಡೇಟಾ ರೋಮಿಂಗ್ ಗುಂಡಿಯನ್ನು ಅವರ ಕೈಯಿಂದಲೇ ಎರಡು ಸಲ ಆರಿಸಿ ಹೊತ್ತಿಸಿ ತೋರಿಸಿ. ನೀವು ಮಾಡಿಕೊಟ್ಟರೆ ಅವರಿಗೆ ನೆನಪು ಉಳಿಯದು. ಮನೆಯ ಎರಡು ಸಂಖ್ಯೆ, ತಂಡದ ಮುಖ್ಯಸ್ಥರ ಒಂದು ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಅವರ ಸಂಚಿಯಲ್ಲಿಡಿ. ದಿನಕ್ಕೊಮ್ಮೆ, ರಾತ್ರಿ ಊಟವಾದ ಮೇಲೆ ಇಂಥ ಹೊತ್ತಿಗೆ ಎಂದು ಮಾತಿನ ಸಮಯವನ್ನೂ ಗೊತ್ತುಮಾಡಿಕೊಳ್ಳಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ, ಸೌದಿಯದು ಎರಡೂವರೆ ಗಂಟೆ ಹಿಂದೆ.

ಬೆಟಗೇರಿಯ ಆ ಹಿರಿಯರು ಮೂರನೆಯ ದಿನ ಛತ್ರದ ಮ್ಯಾನೇಜರರ ಫೋನಿನಿಂದ ಮನೆಗೆ ಮಾತನಾಡಿದರು. ಸೊಸೆಯ ಸಂಖ್ಯೆ ಅವರಿಗೆ ಬಾಯಿಪಾಠವಿರಲಿಲ್ಲ. ಓಣಿಯ ಕಿರಾಣಿ ಅಂಗಡಿಯ ಸಂಖ್ಯೆ ಇತ್ತು. ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ಓಡಿಬಂದು ಸುದ್ದಿ ಮುಟ್ಟಿಸಿದರು.